‘ಬಂತಾ?’ ಅಂತ ಕೇಳುವ ನಾಲ್ಕು ತಿಂಗಳು

ಅಮೆರಿಕದ ಪೂರ್ವ ಕರಾವಳಿಯಲ್ಲಿ ಸಂಜೆ 5 ಗಂಟೆ ಆದಾಗ ನಮ್ಮಲ್ಲಿ ಬೆಳಗಿನ ಜಾವ 3:30. ಚಳಿಗಾಲದ ಲೆಕ್ಕ ಇದು. ಅಲ್ಲಿನ ಅಡ್ಮಿಷನ್ ಆಫೀಸಿನವರು ಮನೆಗೆ ಹೊರಡುವ ಮೊದಲು ಮೇಲ್ ಕಳಿಸುತ್ತಾರೆ ಅಂತ ನಾನೇ ಒಂದು ಸಿದ್ಧಾಂತ ಮಾಡಿಕೊಂಡಿದ್ದೆ. ಹಾಗಾಗಿ 2019ರ ಜನವರಿಯಲ್ಲಿ ದಿನಾ ಮೂರೂವರೆಗೆ ಎಚ್ಚರ ಆಗುತ್ತಿತ್ತು. ಅಲಾರಾಂ ಬೇಕಿರಲಿಲ್ಲ. ಮಾರ್ಚ್ ಎರಡನೇ ಭಾನುವಾರ ಅವರು ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸಿದರು. ಅಲ್ಲಿಂದ ನನಗೆ ಎರಡೂವರೆಗೇ ಎಚ್ಚರ. ನಗಬೇಡಿ, ಅರ್ಜಿ ಹಾಕಿ ಉತ್ತರಕ್ಕೆ ಕಾಯುತ್ತಾ ಇಲ್ಲಿ ಕೂತಿರುವ ನಿಮ್ಮಲ್ಲಿ ಎಷ್ಟೋ ಜನ ಈಗ ಇದನ್ನೇ ಮಾಡುತ್ತಿದ್ದೀರಿ ಅಂತ ನನಗೆ ಗೊತ್ತು. ಕಣ್ಣು ನೋಡಿದರೇ ಗೊತ್ತಾಗುತ್ತದೆ.

ನಾನು ಹಲ್ಲಿನ ಡಾಕ್ಟರು. ಬಿಡಿಎಸ್ ಮುಗಿಸಿ ಸಾಗರದ ಒಂದು ಕ್ಲಿನಿಕ್ಕಿನಲ್ಲಿ ಕೆಲಸ ಮಾಡುತ್ತಿದ್ದೆ. ಆರು ಕಡೆ ಪಬ್ಲಿಕ್ ಹೆಲ್ತ್ (ಸಾರ್ವಜನಿಕ ಆರೋಗ್ಯ) ವಿಷಯದ ಮಾಸ್ಟರ್ಸ್ ಡಿಗ್ರಿಗೆ, ಅಂದರೆ ಎಂಪಿಎಚ್‌ಗೆ ಅರ್ಜಿ ಹಾಕಿದ್ದೆ. ಅರ್ಜಿ ಹಾಕುವುದು ಹೇಗೆ ಅಂತ ಜಾಸ್ತಿ ಹೇಳುವುದಿಲ್ಲ, ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಸೋಫಾಸ್ ಅಂತ ಒಂದೇ ಅರ್ಜಿ, ಅದರಿಂದಲೇ ಬಹಳಷ್ಟು ಶಾಲೆಗಳಿಗೆ ಹೋಗುತ್ತದೆ. ನಮ್ಮ ಅಂಕಪಟ್ಟಿಯನ್ನು ಡಬ್ಲ್ಯುಇಎಸ್ ಅನ್ನುವ ಸಂಸ್ಥೆಯವರು ಅಮೆರಿಕದ ಲೆಕ್ಕಕ್ಕೆ ತಿರುಗಿಸಿ ಕೊಡಬೇಕು. ನನ್ನ ಟ್ರಾನ್ಸ್‌ಕ್ರಿಪ್ಟ್ ಯೂನಿವರ್ಸಿಟಿಯಿಂದ ಹೊರಗೆ ಬರಲು ಏಳು ವಾರ ಹಿಡಿಯಿತು. ಆಗ ಜಿಆರ್‌ಇ ಪರೀಕ್ಷೆ ಕೂಡ ಬೇಕಿತ್ತು. 2020ರ ನಂತರ ಬಹಳ ಕಡೆ ಅದನ್ನು ಕೈಬಿಟ್ಟರು. ನೀವು ಅದೃಷ್ಟವಂತರು.

ಮನೆಯಲ್ಲಿ ಏನಾಗುತ್ತಿತ್ತು ಅಂದರೆ, ಸಂಜೆ ಜಗಲಿಗೆ ಬಂದು ಕೂತ ತಕ್ಷಣ ಅಮ್ಮ, "ಬಂತಾ?" ಎರಡೇ ಅಕ್ಷರ. ಅಪ್ಪಯ್ಯ ಕೇಳುತ್ತಿರಲಿಲ್ಲ, ಪೇಪರ್ ಸ್ವಲ್ಪ ಕೆಳಗಿಳಿಸಿ ನನ್ನ ಮುಖ ನೋಡುತ್ತಿದ್ದರು. ಚಿಕ್ಕಪ್ಪ ಮಾತ್ರ ಬಿಡುವವರಲ್ಲ. "ಅಲ್ವೇ, ಹಲ್ಲು ಕೀಳೋದು ಬಿಟ್ಟು ಸೊಳ್ಳೆ ಹಿಡಿಯೋಕೆ ಅಷ್ಟು ದೂರ ಹೋಗ್ಬೇಕಾ?" ಈ ಸೊಳ್ಳೆಯ ಮಾತಿಗೆ ಆಮೇಲೆ ಬರುತ್ತೇನೆ.

ನನ್ನ ತಪ್ಪು ಎಲ್ಲಿತ್ತು ಅಂತ ಈಗ ಗೊತ್ತಾಗುತ್ತದೆ. ನಾವೆಲ್ಲ ಸಿಇಟಿ, ನೀಟ್ ಮಕ್ಕಳು ಅಲ್ವಾ? ಸೀಟು ಸಿಕ್ಕಿತು ಅಂದರೆ ಗೆದ್ದ ಹಾಗೆ. ರ‍್ಯಾಂಕ್ ಎಷ್ಟೋ ಅಷ್ಟು ಮೇಲಿನ ಕಾಲೇಜು. ಆಯ್ಕೆ ಮಾಡುವುದು ನಾವಲ್ಲ, ನಮ್ಮ ರ‍್ಯಾಂಕು. ಆ ತಲೆಯನ್ನೇ ಹೊತ್ತುಕೊಂಡು ನಾನು ಎಂಪಿಎಚ್‌ಗೆ ಕಾದೆ. ಆದರೆ ಎಂಪಿಎಚ್ ಹಾಗಲ್ಲ. ಅಮೆರಿಕದಲ್ಲಿ ಇದು ಬಹುಮಟ್ಟಿಗೆ ದುಡ್ಡು ಕೊಟ್ಟು ಓದುವ ಡಿಗ್ರಿ. ಪಿಎಚ್‌ಡಿಗೆ ಅವರು ನಿಮಗೆ ಸಂಬಳ ಕೊಡುತ್ತಾರೆ, ಹಾಗಾಗಿ ಅಳೆದು ಸುರಿದು ಕೆಲವೇ ಜನರನ್ನು ತಗೊಳ್ಳುತ್ತಾರೆ. ಎಂಪಿಎಚ್‌ಗೆ ನೀವು ಅವರಿಗೆ ಕೊಡುತ್ತೀರಿ. ತಕ್ಕಮಟ್ಟಿಗೆ ಅರ್ಜಿ ಹಾಕಿದವರಿಗೆ ಎಲ್ಲೋ ಒಂದು ಕಡೆ ‘ಬನ್ನಿ’ ಅಂತ ಬಂದೇ ಬರುತ್ತದೆ. ಎಷ್ಟೋ ಶಾಲೆಗಳು ಅರ್ಜಿ ಬಂದ ಹಾಗೆ ಓದಿ ಉತ್ತರ ಕೊಡುತ್ತಾ ಹೋಗುತ್ತವೆ. ಆಮೇಲೆ ಎಷ್ಟು ಜನ ಡಿಪಾಸಿಟ್ ಕಟ್ಟುತ್ತಾರೋ ಅಂತ ಅವರೂ ಕಾಯುತ್ತಾ ಕೂರುತ್ತಾರೆ. ನಾನು ಸಾಗರದಲ್ಲಿ ಫೋನ್ ನೋಡುತ್ತಾ ಕೂತಿದ್ದಾಗ ಅಲ್ಲೂ ಯಾರೋ ಒಬ್ಬರು ಕಂಪ್ಯೂಟರ್ ಮುಂದೆ ನನ್ನಂಥವರ ಹೆಸರು ನೋಡುತ್ತಾ ಕೂತಿದ್ದರು. ಇದು ಮೊದಲೇ ಗೊತ್ತಿದ್ದರೆ ನಾನು ಇನ್ನೂ ಸ್ವಲ್ಪ ನಿದ್ದೆ ಮಾಡುತ್ತಿದ್ದೆ.

ಮೊದಲ ‘ಬನ್ನಿ’ ಜನವರಿ ಕೊನೆಗೆ ಬಂತು. ದೊಡ್ಡ ಹೆಸರಿನ ಶಾಲೆ. ಗ್ಲೋಬಲ್ ಹೆಲ್ತ್ ವಿಭಾಗ. ಅಮ್ಮ ದೇವರ ಮುಂದೆ ಎರಡು ಬತ್ತಿ ಜಾಸ್ತಿ ಹಚ್ಚಿದರು. ಪತ್ರ ಪೂರ್ತಿ ಓದಿದ ಮೇಲೆ ನೋಡುತ್ತೇನೆ, ಸ್ಕಾಲರ್‌ಶಿಪ್ ಅನ್ನುವ ಪದವೇ ಇಲ್ಲ. ಅಂಥ ಖಾಸಗಿ ಯೂನಿವರ್ಸಿಟಿಗಳಲ್ಲಿ ಎರಡು ವರ್ಷಕ್ಕೆ ಬರೀ ಫೀಸೇ ಒಂದು ಲಕ್ಷ ಡಾಲರ್ ದಾಟಬಹುದು. ಊಟ, ಬಾಡಿಗೆ, ಇನ್ಶೂರೆನ್ಸ್ ಬೇರೆ.

ಆ ಶಾಲೆಯನ್ನು ಯಾಕೆ ಆರಿಸಿದ್ದೆ? ರ‍್ಯಾಂಕಿಂಗ್ ನೋಡಿ. ಯುಎಸ್ ನ್ಯೂಸ್ ಪತ್ರಿಕೆಯ ಪಟ್ಟಿ. ಅದನ್ನು ಹೇಗೆ ಮಾಡುತ್ತಾರೆ ಗೊತ್ತಾ? ಪಬ್ಲಿಕ್ ಹೆಲ್ತ್ ಶಾಲೆಗಳಿಗೆ ಅಂಕ ಕೊಡುವವರು ಬೇರೆ ಶಾಲೆಗಳ ಡೀನ್‌ಗಳು ಮತ್ತು ಅಧ್ಯಾಪಕರು. ಅಷ್ಟೇ. ಓದಿದವರಿಗೆ ಕೆಲಸ ಸಿಕ್ಕಿತಾ, ಸಾಲ ಎಷ್ಟಾಯಿತು, ಒಬ್ಬ ಮೇಷ್ಟ್ರಿಗೆ ಎಷ್ಟು ವಿದ್ಯಾರ್ಥಿಗಳು, ಇದ್ಯಾವುದೂ ಆ ಲೆಕ್ಕದಲ್ಲಿ ಇಲ್ಲ. ಊರಿನವರ ಬಾಯಲ್ಲಿ ಯಾರ ಮನೆ ಊಟ ಚೆನ್ನಾಗಿರುತ್ತದೆ ಅಂತ ಕೇಳಿ ಪಟ್ಟಿ ಮಾಡಿದ ಹಾಗೆ. ಪೂರ್ತಿ ಸುಳ್ಳೇನೂ ಅಲ್ಲ. ಆದರೆ ಅದನ್ನು ನಂಬಿ ಮನೆ ಅಡ ಇಡುವುದಾ?

ಇನ್ನು ವಿಭಾಗದ ವಿಷಯ. ನಿಮ್ಮಲ್ಲಿ ಎಷ್ಟು ಜನ ಗ್ಲೋಬಲ್ ಹೆಲ್ತ್ ಬರೆದಿದ್ದೀರಿ? ಕೈ ಎತ್ತಿ. ಹ್ಞಾಂ, ಅರ್ಧಕ್ಕಿಂತ ಜಾಸ್ತಿ. ನಾನೂ ಹಾಗೇ ಬರೆದಿದ್ದೆ. ಕೇಳಲು ದೊಡ್ಡದಾಗಿರುತ್ತದೆ. ಅದು ಬದಲಾದದ್ದು ಫೆಬ್ರುವರಿಯಲ್ಲಿ, ಕ್ಲಿನಿಕ್ಕಿನಲ್ಲಿ.

ಆ ಚಳಿಗಾಲ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಮಂಗನ ಕಾಯಿಲೆ ಜೋರಾಗಿತ್ತು. ಜನ ಸತ್ತರು. ಕಾಡಿನಲ್ಲಿ ಮಂಗ ಸತ್ತ ಸುದ್ದಿ ದಿನಾ ಬರುತ್ತಿತ್ತು. ಒಬ್ಬ ಹೆಂಗಸು ಹಲ್ಲುನೋವಿಗೆ ಬಂದಿದ್ದರು. ಕುರ್ಚಿಯಲ್ಲಿ ಕೂತು ಬಾಯಿ ತೆರೆಯುವ ಮೊದಲೇ ಕೇಳಿದರು, "ಡಾಕ್ಟ್ರೇ, ಆ ಮಂಗನ ಕಾಯಿಲೆ ಇಂಜೆಕ್ಷನ್ ಎರಡನೇ ಸಲ ಹಾಕಿಸ್ಕೊಳ್ಳಲೇಬೇಕಾ? ಮೊದಲನೇದಕ್ಕೇ ಎರಡು ದಿನ ಕೈ ಎತ್ತಕ್ಕಾಗ್ಲಿಲ್ಲ. ಹಾಕಿಸ್ಕೊಂಡ್ರೆ ಬರೋದೇ ಇಲ್ವಾ?" ನನಗೆ ಉತ್ತರ ಗೊತ್ತಿರಲಿಲ್ಲ. "ಹಾಕಿಸ್ಕೊಳ್ಳಿ" ಅಂದೆ. ಡಾಕ್ಟರು ಹೇಳಬೇಕಾದ ಮಾತು ಅಂತ ಹೇಳಿದ್ದು. ಅವರು ಹೋದ ಮೇಲೂ ಆ ಪ್ರಶ್ನೆ ಹೋಗಲಿಲ್ಲ. ಇಂಜೆಕ್ಷನ್ ಹಾಕಿಸಿಕೊಂಡವರಲ್ಲಿ ಎಷ್ಟು ಜನಕ್ಕೆ ಬಂತು, ಹಾಕಿಸಿಕೊಳ್ಳದವರಲ್ಲಿ ಎಷ್ಟು? ಒಂದು ಡೋಸಿಗೂ ಎರಡು ಡೋಸಿಗೂ ಏನು ವ್ಯತ್ಯಾಸ? ಇದನ್ನು ಕಂಡುಹಿಡಿಯುವುದು ಹೇಗೆ?

ವಿಭಾಗ ಆರಿಸಲು ಕಷ್ಟಪಡುವವರಿಗೆ ನಾನು ಯಾವಾಗಲೂ ಈ ಕಾಯಿಲೆಯನ್ನೇ ಮುಂದಿಡುತ್ತೇನೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಹಿಂದೆಯೇ ಜನಕ್ಕೂ ಜ್ವರ. ಆಫ್ರಿಕಾ, ದಕ್ಷಿಣ ಅಮೆರಿಕದ ಹಳದಿ ಜ್ವರ ನಮ್ಮಲ್ಲಿಗೂ ಬಂತೇನೋ ಅಂತ ಮೊದಲು ಹೆದರಿದ್ದರು, ಯಾಕೆಂದರೆ ಅದರಲ್ಲೂ ಮಂಗ ಸಾಯುತ್ತವೆ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ನೋಡಿದರೆ ಅದು ಬೇರೆಯೇ ವೈರಸ್. ಹರಡುವುದು ಉಣುಗಿನಿಂದ. ನಮ್ಮ ಕಾಡಿನ ಹೆಸರು ಪ್ರಪಂಚದ ವೈದ್ಯಕೀಯ ಪುಸ್ತಕಗಳಲ್ಲಿ ಸೇರಿದ್ದು ಹೀಗೆ. ಸೇರಬೇಕಾದ ರೀತಿ ಇದಾಗಿರಲಿಲ್ಲ, ಇರಲಿ.

ಈಗ ನೋಡಿ. ಯಾರಿಗೆ ಬಂತು, ಯಾವ ತಿಂಗಳು, ಯಾವ ಊರು, ದರಗು ತರಲು ಕಾಡಿಗೆ ಹೋದವರಿಗೆ ಜಾಸ್ತಿಯಾ ಅಂತ ನಿಮಗೆ ಕುತೂಹಲ ಆದರೆ ನೀವು ಎಪಿಡೆಮಿಯಾಲಜಿಯವರು. ಆ ಲೆಕ್ಕ ಎಷ್ಟು ನಂಬಬಹುದು, ಇಷ್ಟು ಕಡಿಮೆ ಜನರನ್ನು ನೋಡಿ ಲಸಿಕೆ ಕೆಲಸ ಮಾಡುತ್ತದೆ ಅಂತ ಹೇಳಬಹುದಾ ಅಂತ ಜಗಳ ಮಾಡುವವರು ಬಯೋಸ್ಟಾಟಿಸ್ಟಿಕ್ಸ್‌ನವರು. ಅಂಥವರು ನಿಮ್ಮ ಬ್ಯಾಚಿನಲ್ಲಿ ಇದ್ದರೆ ಸ್ನೇಹ ಮಾಡಿಕೊಳ್ಳಿ, ಪರೀಕ್ಷೆಗೆ ಬೇಕಾಗುತ್ತಾರೆ. ಕಾಡು ಕಡಿದು ಅಂಚಿನಲ್ಲಿ ದನ ಮೇಯಲು ಬಿಟ್ಟರೆ ಉಣುಗು ಏನಾಗುತ್ತದೆ ಅನ್ನುವುದು ಪರಿಸರ ಆರೋಗ್ಯ. ಎರಡನೇ ಡೋಸಿಗೆ ಜನ ಯಾಕೆ ಬರಲಿಲ್ಲ, ಉಣುಗು ಹತ್ತದಿರಲು ಮೈಗೆ ಹಚ್ಚಿಕೊಳ್ಳಿ ಅಂತ ಕೊಟ್ಟ ಡಿಎಂಪಿ ಎಣ್ಣೆ ಮಾಡಿನ ಮೇಲೆ ಯಾಕೆ ಹಾಗೇ ಕೂತಿದೆ ಅನ್ನುವುದು ಸಾಮಾಜಿಕ ಮತ್ತು ನಡವಳಿಕೆಯ ವಿಭಾಗದ ಪ್ರಶ್ನೆ. ಕಾಯಿಲೆ ಶುರುವಾಗುವುದು ಡಿಸೆಂಬರಿನಲ್ಲಿ ಅಂತ ಗೊತ್ತಿದ್ದೂ ಲಸಿಕೆ ಆರೋಗ್ಯ ಕೇಂದ್ರಕ್ಕೆ ಯಾವಾಗ ಬರುತ್ತದೆ, ಮಣಿಪಾಲಕ್ಕೆ ಕಳಿಸಿದ ರೋಗಿಯ ಬಿಲ್ ಯಾರು ಕಟ್ಟುತ್ತಾರೆ ಅಂತ ಕೇಳಿದರೆ ಅದು ಪಾಲಿಸಿ ಮತ್ತು ಮ್ಯಾನೇಜ್‌ಮೆಂಟ್. ಇದರಲ್ಲಿ ಯಾವ ಪ್ರಶ್ನೆ ನಿಮ್ಮ ನಿದ್ದೆ ಕೆಡಿಸುತ್ತದೆ? ಯಾವುದು ಓದಿದರೆ ಆಕಳಿಕೆ ಬರುತ್ತದೆ? ಅಲ್ಲಿಗೆ ಅರ್ಧ ಕೆಲಸ ಮುಗಿಯಿತು.

ಅಂದ ಹಾಗೆ, ಆ ಹೆಂಗಸಿನ ಪ್ರಶ್ನೆ ಸುಮ್ಮನೆ ಕೇಳಿದ್ದಾಗಿರಲಿಲ್ಲ. ಆ ಲಸಿಕೆಯ ಶಕ್ತಿ ಸಾಲದು ಅಂತ 2022ರಲ್ಲಿ ಅದನ್ನು ಕೊಡುವುದನ್ನೇ ನಿಲ್ಲಿಸಿದರು.

ಗ್ಲೋಬಲ್ ಹೆಲ್ತ್ ಬರೆದವರು ಬೇಜಾರು ಮಾಡಿಕೊಳ್ಳಬೇಡಿ. ಆದರೆ ಒಂದು ಮಾತು ಹೇಳಲೇಬೇಕು. ಆ ಕ್ಷೇತ್ರದ ಬಹಳಷ್ಟು ಕೆಲಸಗಳಿಗೆ ದುಡ್ಡು ಬರುತ್ತಿದ್ದುದು ಅಮೆರಿಕ ಸರ್ಕಾರದ ವಿದೇಶಿ ನೆರವಿನ ಸಂಸ್ಥೆ ಯುಎಸ್‌ಏಡ್‌ನಿಂದ. 2025ರ ಜುಲೈ 1ಕ್ಕೆ ಅದು ಬಾಗಿಲು ಮುಚ್ಚಿತು. ನನ್ನ ಜೊತೆ ಓದಿದವರು ಕೆಲವರು ಕೆಲಸ ಕಳೆದುಕೊಂಡರು. ಹಾಗಾಗಿ ಕೈಯಲ್ಲಿ ಒಂದು ಗಟ್ಟಿ ವಿದ್ಯೆ ಇರಲಿ. ಡೇಟಾ ಆಗಬಹುದು, ಹಣಕಾಸು ಆಗಬಹುದು. ‘ಗ್ಲೋಬಲ್’ ಅನ್ನುವುದು ಆಮೇಲೆ ತಾನಾಗಿ ಸೇರಿಕೊಳ್ಳುತ್ತದೆ.

ಇಲ್ಲಿ ಸ್ವಲ್ಪ ದಾರಿ ತಪ್ಪುತ್ತೇನೆ. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ 1916ರಲ್ಲಿ ಪಬ್ಲಿಕ್ ಹೆಲ್ತ್‌ಗೆ ಬೇರೆ ಶಾಲೆಯೇ ಆಯಿತು. ದುಡ್ಡು ಕೊಟ್ಟದ್ದು ರಾಕ್‌ಫೆಲ್ಲರ್ ಫೌಂಡೇಷನ್, ಎಣ್ಣೆ ಕಂಪನಿಯಿಂದ ಶ್ರೀಮಂತರಾದ ರಾಕ್‌ಫೆಲ್ಲರ್ ಮನೆತನದ ದತ್ತಿ ಸಂಸ್ಥೆ. 1932ರಲ್ಲಿ ಕೋಲ್ಕತ್ತದಲ್ಲಿ ಅಖಿಲ ಭಾರತ ನೈರ್ಮಲ್ಯ ಮತ್ತು ಸಾರ್ವಜನಿಕ ಆರೋಗ್ಯ ಸಂಸ್ಥೆ ಶುರುವಾಯಿತು. ಅದಕ್ಕೂ ಅವರದೇ ನೆರವು. 1952ರಲ್ಲಿ ಪುಣೆಯ ವೈರಸ್ ಕೇಂದ್ರ, ಅದೇ, ಕ್ಯಾಸನೂರಿಗೆ ಬಂದವರದು. ಅದರಲ್ಲೂ ಅವರ ಕೈ ಇತ್ತು. ಒಂದು ಎಣ್ಣೆ ಕಂಪನಿಯ ದುಡ್ಡು ಹರಿದುಕೊಂಡು ನಮ್ಮ ಸೊರಬದ ತನಕ ಬಂದಿದೆ. ಇದು ಒಳ್ಳೆಯದೋ ಕೆಟ್ಟದ್ದೋ ಅಂತ ನಮ್ಮ ಕ್ಲಾಸಿನಲ್ಲಿ ಒಂದು ಇಡೀ ಮಧ್ಯಾಹ್ನ ಜಗಳ ಆಗಿತ್ತು. ಇನ್ನೊಂದು: ಲಂಡನ್ನಿನ ಹೈಜೀನ್ ಅಂಡ್ ಟ್ರಾಪಿಕಲ್ ಮೆಡಿಸಿನ್ ಶಾಲೆಗೆ ಹೋದರೆ ತಲೆ ಎತ್ತಿ ಬಾಲ್ಕನಿ ನೋಡಿ. ಚಿನ್ನದ ಬಣ್ಣದ ಸೊಳ್ಳೆ, ಇಲಿ, ಹೇನು, ತಿಗಣೆ ಎಲ್ಲ ಅಂಟಿಸಿದ್ದಾರೆ. ಒಂದು ಉಣುಗೂ ಇದೆ. ಊರಲ್ಲಿ ದನದ ಕಿವಿಯಿಂದ ಕಿತ್ತು ಬೆಂಕಿಗೆ ಹಾಕುವ ಉಣುಗಿಗೆ ಅಲ್ಲಿ ಚಿನ್ನದ ಲೇಪ! ಫೋಟೋ ತೆಗೆದು ಚಿಕ್ಕಪ್ಪನಿಗೆ ಕಳಿಸಿದೆ.

ಮತ್ತೆ ದುಡ್ಡಿನ ವಿಷಯ. ಅಪ್ಪಯ್ಯ ತೋಟದ ಪಹಣಿ ಹಿಡಿದುಕೊಂಡು ಬ್ಯಾಂಕಿಗೆ ಹೋದರು. ಎರಡು ಎಕರೆ ಅಡಿಕೆ ತೋಟ, ಅವರ ಪ್ರಕಾರ ಅದಕ್ಕಿಂತ ದೊಡ್ಡ ಆಸ್ತಿ ಇಲ್ಲ. ಮ್ಯಾನೇಜರು, "ಕೃಷಿ ಜಮೀನು ಆಗಲ್ಲ ಯಜಮಾನ್ರೇ. ಮನೆನೋ ಸೈಟೋ ಇದ್ರೆ ಹೇಳಿ" ಅಂದರು. ಎಜುಕೇಷನ್ ಲೋನು ಏಳೂವರೆ ಲಕ್ಷ ದಾಟಿದರೆ ಸರ್ಕಾರಿ ಬ್ಯಾಂಕುಗಳು ಸಾಮಾನ್ಯವಾಗಿ ಅಡಮಾನ ಕೇಳುತ್ತವೆ, ತೋಟವನ್ನು ಎಷ್ಟೋ ಕಡೆ ಒಪ್ಪುವುದಿಲ್ಲ. ಅಪ್ಪಯ್ಯ ಆ ದಿನ ಮನೆಗೆ ಬಂದು ಊಟ ಮಾಡದೆ ತೋಟಕ್ಕೆ ಹೋದರು. ಇದನ್ನು ಮಾರ್ಚ್‌ನಲ್ಲಿ ಕಂಡುಕೊಳ್ಳಬೇಡಿ, ಈಗಲೇ ಹೋಗಿ ಕೇಳಿ. ಪರಿಶಿಷ್ಟ ಜಾತಿ, ಪಂಗಡದವರಾದರೆ ರಾಜ್ಯದ ‘ಪ್ರಬುದ್ಧ’ ಯೋಜನೆ, ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ನೋಡಿ. ಅಲ್ಪಸಂಖ್ಯಾತರ ನಿಗಮದಲ್ಲೂ ವಿದೇಶಿ ಓದಿಗೆ ಸಾಲ ಇದೆ.

ನನ್ನ ಎರಡನೇ ‘ಬನ್ನಿ’ ಒಂದು ಸ್ಟೇಟ್ ಯೂನಿವರ್ಸಿಟಿಯಿಂದ. ಹೆಸರು ಹೇಳಿದರೆ ನಿಮ್ಮಲ್ಲಿ ಹೆಚ್ಚಿನವರು ಕೇಳಿರುವುದಿಲ್ಲ. ಆದರೂ ಸಿಇಪಿಎಚ್ ಮಾನ್ಯತೆ ಇತ್ತು. ಅದು ಇದೆಯಾ ಅಂತ ಮೊದಲು ನೋಡಿ. ಅಮೆರಿಕದಲ್ಲಿ ಪಬ್ಲಿಕ್ ಹೆಲ್ತ್ ಶಾಲೆಗಳಿಗೆ ಮಾನ್ಯತೆ ಕೊಡುವವರು ಅವರೇ. ಎಂಪಿಎಚ್‌ಗೆ ಕಡಿಮೆ ಅಂದರೆ 42 ಕ್ರೆಡಿಟ್ ಇರಬೇಕು. ಕೆಲವು ಕಡೆ 60ರ ತನಕ ಇರುತ್ತದೆ. ಆ ಹದಿನೆಂಟು ಕ್ರೆಡಿಟ್ಟಿನ ವ್ಯತ್ಯಾಸವನ್ನು ಒಂದು ಕ್ರೆಡಿಟ್ಟಿನ ಫೀಸಿನಿಂದ ಗುಣಿಸಿ ನೋಡಿ, ತಲೆ ತಿರುಗುತ್ತದೆ.

ನಾನು ಅವರಿಗೆ ಮೇಲ್ ಬರೆದೆ. ಗ್ಲೋಬಲ್ ಹೆಲ್ತ್ ಬದಲು ಎಪಿಡೆಮಿಯಾಲಜಿಗೆ ತಗೊಳ್ಳುತ್ತೀರಾ, ಯಾರಾದರೂ ಮೇಷ್ಟ್ರ ಹತ್ತಿರ ಕೆಲಸ ಇದೆಯಾ ಅಂತ. ನಾಚಿಕೆ ಆಗಿತ್ತು, ಕೇಳಿದರೆ ಸೀಟೇ ಹೋಗುತ್ತದೇನೋ ಅಂತ ಭಯ ಬೇರೆ. ಹಾಗೇನೂ ಆಗುವುದಿಲ್ಲ. ಮೂರು ವಾರ ಬಿಟ್ಟು ಉತ್ತರ ಬಂತು: ವಾರಕ್ಕೆ 20 ಗಂಟೆ ಗ್ರಾಜುಯೇಟ್ ಅಸಿಸ್ಟೆಂಟ್ ಕೆಲಸ, ಫೀಸಿನಲ್ಲಿ ದೊಡ್ಡ ಪಾಲು ಮಾಫಿ.

ಆಗ ಏಪ್ರಿಲ್ ಮೊದಲ ವಾರ. ಏಪ್ರಿಲ್ 15ರ ಬಗ್ಗೆ ಕೇಳಿದ್ದೀರಲ್ಲ? ಅಮೆರಿಕದ ಬಹಳ ಯೂನಿವರ್ಸಿಟಿಗಳು ಸೇರಿ ಮಾಡಿಕೊಂಡ ಒಪ್ಪಂದ ಅದು. ಫೆಲೋಶಿಪ್ಪು, ಅಸಿಸ್ಟೆಂಟ್‌ಶಿಪ್ಪಿನಂಥ ನೆರವು ಕೊಟ್ಟು ಕರೆದರೆ ಆ ತಾರೀಖಿನ ಮೊದಲೇ ಉತ್ತರ ಕೊಡಿ ಅಂತ ಒತ್ತಾಯ ಮಾಡುವ ಹಾಗಿಲ್ಲ. ಆದರೆ ದುಡ್ಡಿಲ್ಲದ ‘ಬನ್ನಿ’ಗೆ ಆ ಒಪ್ಪಂದ ಅನ್ವಯ ಆಗುವುದಿಲ್ಲ. ದೊಡ್ಡ ಹೆಸರಿನ ಶಾಲೆ ಮಾರ್ಚ್‌ನಲ್ಲೇ ಡಿಪಾಸಿಟ್ ಕೇಳಿತ್ತು, ಕಟ್ಟಿದರೆ ವಾಪಸ್ ಇಲ್ಲ. ನಾನು ಕಟ್ಟಿರಲಿಲ್ಲ. ಧೈರ್ಯ ಅಂದುಕೊಳ್ಳಬೇಡಿ, ದುಡ್ಡಿರಲಿಲ್ಲ.

ವೀಸಾ ಲೆಕ್ಕವೂ ಒಂದಿದೆ. ಓದು ಮುಗಿದ ಮೇಲೆ ಕೆಲಸ ಮಾಡಲು ಓಪಿಟಿ ಅನ್ನುವ ಅನುಮತಿಯಲ್ಲಿ 12 ತಿಂಗಳು ಸಿಗುತ್ತದೆ. ಕೋರ್ಸು ಸ್ಟೆಮ್ ಪಟ್ಟಿಯಲ್ಲಿ, ಅಂದರೆ ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತದ ಕೋರ್ಸುಗಳ ಸರ್ಕಾರಿ ಪಟ್ಟಿಯಲ್ಲಿ ಇದ್ದರೆ ಇನ್ನೂ 24 ತಿಂಗಳು. ಎಪಿಡೆಮಿಯಾಲಜಿ, ಬಯೋಸ್ಟಾಟಿಸ್ಟಿಕ್ಸ್ ಆ ಪಟ್ಟಿಯಲ್ಲಿವೆ, ಸಾಮಾನ್ಯ ಪಬ್ಲಿಕ್ ಹೆಲ್ತ್ ಇಲ್ಲ. ಒಂದೇ ಎಂಪಿಎಚ್ ಡಿಗ್ರಿ, ಶಾಲೆ ಅದನ್ನು ಯಾವ ಸಿಐಪಿ ಕೋಡಿನಲ್ಲಿ (ಕೋರ್ಸುಗಳನ್ನು ವಿಂಗಡಿಸುವ ಸಂಖ್ಯೆ) ಹಾಕಿದೆ ಅನ್ನುವುದರ ಮೇಲೆ ಎರಡು ವರ್ಷ ಹೆಚ್ಚು ಕಡಿಮೆ. ಬಾಯಿಮಾತಿನಲ್ಲಿ ನಂಬಬೇಡಿ, ಕೋಡನ್ನು ಮೇಲಿನಲ್ಲಿ ಬರೆಸಿಕೊಳ್ಳಿ.

ಸೇರಿದೆ. ಅಕ್ಟೋಬರಿನಲ್ಲಿ ಮೇಷ್ಟ್ರು ಕಾಡಿಗೆ ಕರೆದುಕೊಂಡು ಹೋದರು. ಕೈಗೆ ಒಂದು ಕೋಲು, ಕೋಲಿಗೆ ಕಟ್ಟಿದ ಬಿಳಿ ಬಟ್ಟೆ. ಬಟ್ಟೆಯನ್ನು ಎಲೆಗಳ ಮೇಲೆ ಎಳೆದುಕೊಂಡು ನಡೆಯುವುದು, ಆಗಾಗ ನಿಂತು ತಿರುಗಿಸಿ ನೋಡುವುದು. ಬಟ್ಟೆಗೆ ಉಣುಗು ಹತ್ತಿರುತ್ತದೆ. ಲೈಮ್ ಕಾಯಿಲೆ ಹರಡುವ ಉಣುಗು. 1975ರಲ್ಲಿ ಕನೆಕ್ಟಿಕಟ್‌ನ ಲೈಮ್ ಊರಿನಲ್ಲಿ ಪಾಲಿ ಮರ್ರೆ ಅನ್ನುವ ತಾಯಿ, ನಮ್ಮ ಸುತ್ತ ಇಷ್ಟೊಂದು ಮಕ್ಕಳಿಗೆ ಕೀಲು ಬಾವು ಯಾಕೆ ಅಂತ ಬರೆದಿಟ್ಟುಕೊಂಡು ಅಧಿಕಾರಿಗಳ ಬೆನ್ನು ಹತ್ತಿದ್ದರಿಂದ ಹೊರಬಿದ್ದ ಕಾಯಿಲೆ ಅದು. ಶಿವಮೊಗ್ಗದ ಕಾಡಿನಲ್ಲೂ ಉಣುಗು ಹಿಡಿಯುವುದು ಇದೇ ಬಿಳಿ ಬಟ್ಟೆಯಿಂದ. ಆ ರಾತ್ರಿ ಫೋನ್ ಮಾಡಿ, "ಸೊಳ್ಳೆ ಅಲ್ಲ ಚಿಕ್ಕಪ್ಪ, ಉಣುಗು" ಅಂದೆ. "ಅದಕ್ಕೆ ನಮ್ಮ ಕೊಟ್ಟಿಗೆ ಸಾಕಿತ್ತಲ್ಲೇ" ಅಂದರು.

ಮುಂದಿನ ಬೇಸಿಗೆಗೆ ಪ್ರಾಕ್ಟಿಕಮ್, ಅಂದರೆ ಓದಿನ ಭಾಗವಾಗಿ ಹೊರಗೆ ಹೋಗಿ ಮಾಡುವ ಕೆಲಸ ಕೂಡ ಉಣುಗಿನ ಮೇಲೇ ಅಂತ ಆಗಿತ್ತು. ಆದರೆ ಅದು 2020. ಕೌಂಟಿ ಆರೋಗ್ಯ ಇಲಾಖೆಯಲ್ಲಿ ಕೂತು ಕೋವಿಡ್ ಬಂದವರಿಗೆ ದಿನಾ ಫೋನ್ ಮಾಡಿದೆ. ಯಾರನ್ನು ಭೇಟಿ ಮಾಡಿದ್ರಿ, ಮನೆಯಲ್ಲಿ ಎಷ್ಟು ಜನ, ದಿನಸಿಗೆ ಏನು ಮಾಡ್ತೀರಿ. ಎರಡು ವರ್ಷದಲ್ಲಿ ಕಲಿತದ್ದರಲ್ಲಿ ಅರ್ಧ ಆ ಫೋನಿನಿಂದಲೇ. ಹಾಗಾಗಿ ಶಾಲೆಗಳಿಗೆ ಬರೆಯುವಾಗ ನಾನಾಗಿದ್ದರೆ ಕೇಳುವ ಪ್ರಶ್ನೆ ಇದು: ಹೋದ ವರ್ಷ ನಿಮ್ಮ ವಿದ್ಯಾರ್ಥಿಗಳು ಪ್ರಾಕ್ಟಿಕಮ್ ಎಲ್ಲಿ ಮಾಡಿದರು, ಜಾಗ ಹುಡುಕಿ ಕೊಟ್ಟವರು ಯಾರು? ಅಟ್ಲಾಂಟಾದ ಎಮೊರಿ ಯೂನಿವರ್ಸಿಟಿಯ ಪಕ್ಕದಲ್ಲೇ ಅಮೆರಿಕ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಇದೆ. ಅಂಥ ನೆರೆಹೊರೆಗೆ ಬೆಲೆ ಇದೆ.

ಅಮೆರಿಕವೇ ಯಾಕೆ ಅಂತ ಹಿಂದಿನ ಸಾಲಿನಿಂದ ಕೇಳಿದರು. ನ್ಯಾಯವಾದ ಪ್ರಶ್ನೆ. ತಿರುವನಂತಪುರದ ಅಚ್ಯುತ ಮೆನನ್ ಕೇಂದ್ರದಲ್ಲಿ 1997ರಿಂದ ಎಂಪಿಎಚ್ ಇದೆ. ಮುಂಬೈಯ ಟಿಸ್, ನಮ್ಮ ನಿಮ್ಹಾನ್ಸ್, ಮಣಿಪಾಲ ಎಲ್ಲ ಇವೆ. ಕರ್ನಾಟಕದ ಆರೋಗ್ಯ ವ್ಯವಸ್ಥೆಯಲ್ಲೇ ಕೆಲಸ ಮಾಡುವುದು ಖಚಿತ ಅಂತಿದ್ದರೆ ಇಲ್ಲೇ ಓದಿ. ಆಶಾ ಕಾರ್ಯಕರ್ತೆಯ ರಿಜಿಸ್ಟರ್ ಓದಲು ಬರದ ಎಪಿಡೆಮಿಯಾಲಜಿಸ್ಟ್ ನಮಗೆ ಬೇಡ. ನಾನು ವಾಪಸ್ ಬಂದ ಮೇಲೆ ಅದನ್ನು ಮೊದಲಿನಿಂದ ಕಲಿಯಬೇಕಾಯಿತು.

ಎಲ್ಲ ಕಡೆ ‘ಇಲ್ಲ’ ಅಂತ ಬಂದರೆ ಏನು ಮಾಡಬೇಕು ಅಂತ ಒಂದು ಚೀಟಿ ಬಂದಿದೆ. ನನ್ನ ಗೆಳತಿಗೆ ಹಾಗೇ ಆಯಿತು. ಅವಳ ಮೊದಲ ವರ್ಷದ ಪ್ರಬಂಧ ಶುರುವಾಗುತ್ತಿದ್ದುದು ಹೀಗೆ: ‘ಚಿಕ್ಕಂದಿನಿಂದಲೂ ನನಗೆ ಜನಸೇವೆ ಮಾಡುವ ಆಸೆ.’ ಆಮೇಲೆ ಅವಳು ಮಕ್ಕಳ ಪೌಷ್ಟಿಕತೆಯ ಒಂದು ಸರ್ವೆಯಲ್ಲಿ ಕೆಲಸಕ್ಕೆ ಸೇರಿ, ರಾಯಚೂರು ಕಡೆ ಹಳ್ಳಿ ಹಳ್ಳಿ ಸುತ್ತಿದಳು. ಮುಂದಿನ ವರ್ಷ ಮತ್ತೆ ಅರ್ಜಿ ಹಾಕಿದಳು. ಆ ಸಲದ ಮೊದಲ ಸಾಲು: ‘ನಮ್ಮ ತೂಕದ ಯಂತ್ರ ಪ್ರತಿ ಮಗುವಿಗೂ 200 ಗ್ರಾಂ ಜಾಸ್ತಿ ತೋರಿಸುತ್ತಿತ್ತು, ಅದು ನನಗೆ ಗೊತ್ತಾಗುವಷ್ಟರಲ್ಲಿ ಮೂರು ಹಳ್ಳಿ ಮುಗಿದಿದ್ದವು.’